ಕಲ್ಲು ಸರಿಸಿದವರು ಯಾರು?

2016ರ ಮೇ ತಿಂಗಳು. ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಪಿಜಿಯ ಮೂವರು ಸೇರಿ ‘ಯು ಟರ್ನ್’ ಸಿನಿಮಾದ ರಾತ್ರಿ ಶೋಗೆ ಹೋಗಿದ್ದೆವು. ಬೆಂಗಳೂರಿನ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ಯು ಟರ್ನ್ ತಗೊಳ್ಳೋರು ಒಬ್ಬೊಬ್ಬರಾಗಿ ಸಾಯುವ ಕತೆ. ಎರಡು ಗಂಟೆ ಕುರ್ಚಿ ಬಿಟ್ಟು ಅಲ್ಲಾಡದೆ ನೋಡಿದೆವು. ಹೊರಗೆ ಬಂದು, ಎರಡು ಬೈಕ್‌ನಲ್ಲಿ ಪಿಜಿ ಕಡೆ ಹೊರಟು, ಸಿಗ್ನಲ್‌ವರೆಗೆ ಹೋಗಲು ಸೋಮಾರಿತನ ಮಾಡಿ, ಡಿವೈಡರ್ ಸಂದಿಯಲ್ಲಿ ನುಗ್ಗಿಸಿ ತಿರುಗಿಸಿಕೊಂಡೆವು. ‘ದೆವ್ವ ಬರುತ್ತೆ ಕಣೋ’ ಅಂತ ಹಿಂದೆ ಕೂತವನು ಕೂಗಿದ. ಜೋರಾಗಿ ನಕ್ಕೆವು.

ಆ ನಗು ನನಗೆ ಈಗಲೂ ನೆನಪಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಸಿನಿಮಾ.

ಇನ್ನೂ ನೋಡಿಲ್ಲದವರಿಗೆ ಕತೆಯ ಅರ್ಧ ಮಾತ್ರ ಹೇಳುತ್ತೇನೆ, ಕೊನೆಯ ಗಂಟು ಬಿಚ್ಚುವುದಿಲ್ಲ. ರಚನಾ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಇಂಟರ್ನ್. ಡಬಲ್ ರೋಡ್ ಫ್ಲೈಓವರ್ ಮೇಲಿನ ಅಪಘಾತಗಳ ಬಗ್ಗೆ ಲೇಖನ ಬರೆಯುವ ಆಸೆ ಅವಳಿಗೆ. ಅಲ್ಲಿ ರಸ್ತೆಯನ್ನು ಎರಡಾಗಿಸಲು ಕಾಂಕ್ರೀಟ್ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಟ್ರಾಫಿಕ್ ತಪ್ಪಿಸಿಕೊಳ್ಳಲು ಜನ ಗಾಡಿ ನಿಲ್ಲಿಸಿ, ಇಳಿದು, ಕಲ್ಲು ಎಳೆದು, ದಾರಿ ಮಾಡಿಕೊಂಡು ಹೋಗುತ್ತಾರೆ. ಎಳೆದ ಕಲ್ಲನ್ನು ಯಾರೂ ವಾಪಸ್ ಇಡುವುದಿಲ್ಲ. ಫ್ಲೈಓವರ್ ಮೇಲೇ ಕೂತಿರುವ ಮನೆ ಮಠ ಇಲ್ಲದ ಒಬ್ಬ ಮನುಷ್ಯ ಅಂಥವರ ಗಾಡಿ ನಂಬರ್ ಬರೆದು ರಚನಾಗೆ ಕೊಡುತ್ತಾನೆ. ಅವಳು ಪರಿಚಯದ ಟ್ರಾಫಿಕ್ ಪೊಲೀಸ್ ಕಡೆಯಿಂದ ವಿಳಾಸ ಪಡೆಯುತ್ತಾಳೆ. ‘ಯಾಕೆ ಹೀಗೆ ಮಾಡಿದ್ರಿ’ ಅಂತ ಕೇಳಲು ಒಬ್ಬನ ಮನೆ ಬಾಗಿಲಿಗೆ ಹೋಗುತ್ತಾಳೆ. ಯಾರೂ ಬಾಗಿಲು ತೆಗೆಯುವುದಿಲ್ಲ, ವಾಪಸ್ ಬರುತ್ತಾಳೆ. ಅದೇ ದಿನ ಪೊಲೀಸರು ಅವಳ ಮನೆಗೆ ಬರುತ್ತಾರೆ. ಆ ಮನುಷ್ಯ ಸತ್ತಿದ್ದಾನೆ.

ನಾಯಕ್ ಎಂಬ ಸಬ್ ಇನ್‌ಸ್ಪೆಕ್ಟರ್ ಒಬ್ಬನಿಗೆ ಮಾತ್ರ ಇವಳ ಮಾತು ನಿಜ ಇರಬಹುದು ಅನಿಸುತ್ತದೆ. ಅವಳ ನೋಟ್‌ಪ್ಯಾಡ್‌ನಲ್ಲಿದ್ದ ಉಳಿದ ಹೆಸರುಗಳನ್ನೂ ಹುಡುಕಿಸುತ್ತಾನೆ. ಪಟ್ಟಿಯಲ್ಲಿದ್ದ ಎಲ್ಲರೂ ಸತ್ತಿದ್ದಾರೆ. ಎಲ್ಲವೂ ಆತ್ಮಹತ್ಯೆ ಅಂತ ದಾಖಲಾಗಿದೆ. ಯು ಟರ್ನ್ ತಗೊಂಡ ದಿನವೇ ಸಾವು.

ಮೊದಲ ಸಲ ನೋಡಿದಾಗ ಈ ದೃಶ್ಯದಲ್ಲಿ ನಾನು ಹಿನ್ನೆಲೆ ಸಂಗೀತಕ್ಕೆ ಹೆದರಿದ್ದೆ. ಪೂರ್ಣಚಂದ್ರ ತೇಜಸ್ವಿ ಅವರದ್ದು. ಈಗ ನೋಡಿದರೆ ಹೆದರಿಕೆ ಬೇರೆ ಕಡೆಯಿಂದ ಬರುತ್ತದೆ. ಇಷ್ಟು ಜನ ಸತ್ತರೂ ಯಾರಿಗೂ ಅನುಮಾನ ಬಂದಿಲ್ಲ ಅಲ್ವಾ? ಯಾಕೆ ಬಂದಿಲ್ಲ?

ಯಾಕೆ ಅಂದ್ರೆ ಪ್ರತಿ ಸಾವೂ ಬೇರೆ ಬೇರೆ ಠಾಣೆಯ ಬೇರೆ ಬೇರೆ ಫೈಲ್. ನಮ್ಮಲ್ಲಿ ಆತ್ಮಹತ್ಯೆ ಅಥವಾ ಅನುಮಾನಾಸ್ಪದ ಸಾವು ಆದರೆ ಪೊಲೀಸರು ಮೊದಲು ದಾಖಲಿಸುವುದು ಅಸಹಜ ಸಾವಿನ ವರದಿ, ಅಂದರೆ ಯುಡಿಆರ್. ಸಿನಿಮಾ ಬಂದಾಗ ಇದಕ್ಕಿದ್ದದ್ದು ಸಿಆರ್‌ಪಿಸಿಯ 174ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು 194 ಆಗಿದೆ. ಪೊಲೀಸರು ಸ್ಥಳಕ್ಕೆ ಹೋಗಬೇಕು, ಅಕ್ಕಪಕ್ಕದ ಇಬ್ಬರು ಅಥವಾ ಹೆಚ್ಚು ಗಣ್ಯರ ಎದುರು ಪಂಚನಾಮೆ ಮಾಡಬೇಕು, ಮೇಲ್ನೋಟಕ್ಕೆ ಸಾವಿನ ಕಾರಣ ಏನು ಅಂತ ಬರೆಯಬೇಕು, ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಒಂದು ಹೆಣ, ಒಂದು ಮನೆ, ಒಂದು ಕಾರಣ. ಬಾಗಿಲು ಒಳಗಿನಿಂದ ಹಾಕಿದೆ, ಮನೆಯವರಿಗೆ ಅನುಮಾನ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಪಕ್ಕದ ಠಾಣೆಯ ಯುಡಿಆರ್ ಜೊತೆ ಇದನ್ನು ಇಟ್ಟು ನೋಡುವ ಕಾರಣ ಆ ಅಧಿಕಾರಿಗೆ ಇರುವುದಿಲ್ಲ.

ನನ್ನ ಹೊಟ್ಟೆಪಾಡು ಡೇಟಾಬೇಸ್. ಹಾಗಾಗಿ ನನಗೆ ಇದು ಹೀಗೆ ಕಾಣುತ್ತದೆ: ಹತ್ತು ಟೇಬಲ್‌ಗಳಲ್ಲಿ ಹತ್ತು ಸಾಲು ಇವೆ, ಅವನ್ನು ಜಾಯಿನ್ ಮಾಡುವ ಕಾಮನ್ ಕೀ ಮಾತ್ರ ಇಲ್ಲ. ಹೆಸರು ಬೇರೆ, ವಯಸ್ಸು ಬೇರೆ, ಬಡಾವಣೆ ಬೇರೆ. ಆ ಕೀ ಇರುವುದು ಸರ್ಕಾರದ ಯಾವ ಸರ್ವರ್‌ನಲ್ಲೂ ಅಲ್ಲ, ಫ್ಲೈಓವರ್ ಮೇಲೆ ಕೂತ ಮನುಷ್ಯನ ಚೀಟಿಯಲ್ಲಿ. ಗಾಡಿ ನಂಬರ್ ಮತ್ತು ತಾರೀಕು. ಪತ್ರಕರ್ತೆ ಮಾಡುವ ಕೆಲಸ ಅಷ್ಟೇ, ಯಾರೂ ಪಕ್ಕಪಕ್ಕ ಇಡದ ಎರಡು ಕಾಗದಗಳನ್ನು ಪಕ್ಕಪಕ್ಕ ಇಡುತ್ತಾಳೆ. ಅವಳೇನು ದೊಡ್ಡ ಪತ್ತೇದಾರಿಣಿ ಅಲ್ಲ. ಹೆದರುತ್ತಾಳೆ, ಠಾಣೆಯಲ್ಲಿ ಅಳುತ್ತಾಳೆ. ಆದರೆ ಪಟ್ಟಿ ಅವಳ ಹತ್ತಿರ ಇದೆ. ನಾಯಕ್‌ನ ಮೇಲಧಿಕಾರಿಗೆ ಮುಚ್ಚಿದ ಫೈಲ್ ಮತ್ತೆ ತೆರೆಯುವುದು ಇಷ್ಟವಿಲ್ಲ. ಆ ಪಾತ್ರವನ್ನು ವಿಲನ್ ಅಂತ ನೋಡಬೇಡಿ. ತಿಂಗಳ ಕೊನೆಯಲ್ಲಿ ಕ್ಲೋಸ್ ಆದ ಟಿಕೆಟನ್ನು ಯಾರೋ ರೀಓಪನ್ ಮಾಡಿದರೆ ನಮ್ಮ ಮ್ಯಾನೇಜರ್ ಮುಖ ಹೇಗಾಗುತ್ತದೆ ಗೊತ್ತಲ್ಲ, ಅಷ್ಟೇ ಅದು.

ಇನ್ನೊಂದು ಮಾತು. ಗಾಡಿ ನಂಬರ್ ಕೊಟ್ಟರೆ ಮಾಲೀಕನ ಹೆಸರು ವಿಳಾಸ ಕೈಗೆ ಸಿಗುವುದು ಸಿನಿಮಾದಲ್ಲಿ ಬಲು ಸಲೀಸು. ಆಗ ಯಾರಿಗೂ ಅದು ತಪ್ಪು ಅನಿಸಲಿಲ್ಲ, ನನಗೂ ಅನಿಸಲಿಲ್ಲ. 2019ರಲ್ಲಿ ಕೇಂದ್ರ ಸಾರಿಗೆ ಇಲಾಖೆ ವಾಹನ ನೋಂದಣಿ ಡೇಟಾವನ್ನು ಹಣ ಪಡೆದು ಒಟ್ಟಾಗಿ ಕೊಡುವ ನೀತಿಯನ್ನೇ ತಂದಿತ್ತು. 2020ರಲ್ಲಿ ಅದನ್ನು ರದ್ದು ಮಾಡಿದರು. ಇವತ್ತು ಇದೇ ಕತೆ ಬರೆದರೆ ರಚನಾಳ ಲೇಖನಕ್ಕಿಂತ ಮೊದಲು ಅವಳ ಮೇಲೆಯೇ ಒಂದು ದೂರು ದಾಖಲಾಗಬಹುದು.

ಚಿತ್ರದ ನಿರ್ದೇಶಕ ಪವನ್ ಕುಮಾರ್. 2013ರಲ್ಲಿ ಪ್ರೇಕ್ಷಕರಿಂದಲೇ ಹಣ ಕೂಡಿಸಿ ‘ಲೂಸಿಯಾ’ ಮಾಡಿದವರು. ರಚನಾ ಆಗಿ ಶ್ರದ್ಧಾ ಶ್ರೀನಾಥ್, ಕನ್ನಡದಲ್ಲಿ ಅವರ ಮೊದಲ ಚಿತ್ರ. ನಟನೆಗೆ ಬರುವ ಮೊದಲು ಅವರು ವಕೀಲೆ. ಆ ವರ್ಷದ ಫಿಲಂಫೇರ್‌ನಲ್ಲಿ ಕನ್ನಡದ ಅತ್ಯುತ್ತಮ ನಟಿ ಪ್ರಶಸ್ತಿ ಅವರಿಗೇ ಬಂತು. ನಾಯಕ್ ಆಗಿ ರೋಜರ್ ನಾರಾಯಣ್, ಕ್ರೈಮ್ ರಿಪೋರ್ಟರ್ ಆಗಿ ದಿಲೀಪ್ ರಾಜ್, ಜೊತೆಗೆ ರಾಧಿಕಾ ಚೇತನ್. ನಾಯಕ ನಾಯಕಿ ಕುಣಿಯುವ ಹಾಡು ಇಲ್ಲ, ಪುಣ್ಯಕ್ಕೆ. ಆಮೇಲೆ ಈ ಕತೆ ಎಲ್ಲೆಲ್ಲಿಗೋ ಹೋಯಿತು. 2017ರಲ್ಲಿ ಮಲಯಾಳಂನಲ್ಲಿ ‘ಕೇರ್‌ಫುಲ್’. 2018ರಲ್ಲಿ ಪವನ್ ಅವರೇ ಸಮಂತಾ ಜೊತೆ ತೆಲುಗು, ತಮಿಳಿನಲ್ಲಿ ಮಾಡಿದರು. ಫಿಲಿಪ್ಪೀನ್ಸ್‌ನಲ್ಲೂ ಆಯಿತು, ಬಂಗಾಳಿಯಲ್ಲಿ ‘ಫ್ಲೈಓವರ್’ ಅಂತ ಬಂತು, 2023ರಲ್ಲಿ ಹಿಂದಿಗೂ ಹೋಯಿತು. ಡಿವೈಡರ್ ಸಂದಿಯಲ್ಲಿ ನುಗ್ಗುವುದು ನಮ್ಮೊಬ್ಬರ ಚಾಳಿ ಅಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಕನ್ನಡದ್ದೇ ನೋಡಿ. ಡಬಲ್ ರೋಡ್, ಅಂದರೆ ಶಾಂತಿನಗರ ಬಸ್ ನಿಲ್ದಾಣ ಇರುವ ಕೆ.ಎಚ್. ರಸ್ತೆ, ನಾವು ದಿನಾ ಬೈಯ್ದುಕೊಂಡು ಓಡಾಡುವ ರಸ್ತೆ. ಹಾಳು ಬಂಗಲೆ, ಕಾಡು, ಕತ್ತಲೆ ಏನೂ ಇಲ್ಲದೆ ಹಗಲು ಹೊತ್ತಿನ ರಸ್ತೆಯನ್ನೇ ಹೆದರಿಕೆಯ ಜಾಗ ಮಾಡಿದ್ದು ಈ ಚಿತ್ರದ ನಿಜವಾದ ಜಾಣತನ.

ಈಗ ಆ ನಗುವಿನ ವಿಷಯ.

2018ರ ನವೆಂಬರ್. ನಮ್ಮ ಚಿಕ್ಕಪ್ಪನದು ಊರ ಹತ್ತಿರದ ಪಟ್ಟಣದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್‌ಗಳೆಲ್ಲ ಅವರ ಅಂಗಡಿ ಮುಂದೆ ಸಾಲಾಗಿ ಇರುತ್ತಿದ್ದವು. ರಾತ್ರಿ ಅಂಗಡಿ ಮುಚ್ಚಿ ಹೆದ್ದಾರಿಯಲ್ಲಿ ಬೈಕ್‌ನಲ್ಲಿ ಮನೆಗೆ ಬರುವಾಗ, ಡಿವೈಡರ್ ಸಾಲಿನಿಂದ ರಸ್ತೆಗೆ ಸರಿದಿದ್ದ ಕಾಂಕ್ರೀಟ್ ಕಲ್ಲಿಗೆ ಡಿಕ್ಕಿ ಹೊಡೆದರು. ಬೀದಿ ದೀಪ ಇರಲಿಲ್ಲ. ಜಿಲ್ಲಾ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ನಲವತ್ತೊಂಬತ್ತು ವರ್ಷ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಠಾಣೆಯಿಂದ ಎಫ್‌ಐಆರ್ ಪ್ರತಿ ತಂದೆವು. ಅಪ್ಪನಿಗೆ ಕನ್ನಡಕ ಸಿಗಲಿಲ್ಲ, ನಾನೇ ಓದಿದೆ. ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ ಡಿವೈಡರ್ ಕಲ್ಲಿಗೆ ಡಿಕ್ಕಿ. ಮೃತನ ಹೆಸರು ಇರುವ ಜಾಗದಲ್ಲಿ ಚಿಕ್ಕಪ್ಪನ ಹೆಸರು. ಆರೋಪಿಯ ಹೆಸರು ಇರುವ ಜಾಗದಲ್ಲೂ ಚಿಕ್ಕಪ್ಪನ ಹೆಸರು. ಇದಕ್ಕೆ ಸೆಲ್ಫ್ ಆಕ್ಸಿಡೆಂಟ್ ಅನ್ನುತ್ತಾರಂತೆ. ಇನ್ನೊಂದು ಗಾಡಿ ಇಲ್ಲ, ಹಾಗಾಗಿ ತಪ್ಪು ಮಾಡಿದವನೇ ಸತ್ತವನು. ಆರೋಪಿ ಬದುಕಿಲ್ಲದ ಕಾರಣ ಕೇಸ್ ಮುಂದುವರಿಯುವ ಪ್ರಶ್ನೆಯೂ ಇಲ್ಲ.

ಇದರಿಂದ ಬರೀ ಮರ್ಯಾದೆ ಹೋಗಲಿಲ್ಲ, ಹಣವೂ ಹೋಯಿತು. ಬೇರೆ ಗಾಡಿ ಗುದ್ದಿದ್ದರೆ ಅದರ ವಿಮೆಯಿಂದ ಪರಿಹಾರ ಕೇಳಬಹುದಿತ್ತು. ತಾನೇ ತಪ್ಪಿತಸ್ಥ ಆದರೆ ಯಾರ ಮೇಲೆ ಕೇಳುವುದು? ಮಾಲೀಕ ಚಾಲಕನಿಗೆ ಇರುವ 15 ಲಕ್ಷದ ಅಪಘಾತ ವಿಮೆ ಆಗ ತಾನೇ ಜಾರಿಗೆ ಬಂದಿತ್ತು, ಆದರೆ ಚಿಕ್ಕಪ್ಪನ ಬೈಕಿನ ಪಾಲಿಸಿ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು. ನವೀಕರಿಸು ಅಂತ ಎರಡು ಸಲ ಹೇಳಿದ್ದರು, ನನಗೇ. ‘ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ ಚಿಕ್ಕಪ್ಪ, ಮಾಡ್ತೀನಿ ಬಿಡಿ’ ಅಂದಿದ್ದೆ.

ಕಲ್ಲು ರಸ್ತೆಗೆ ಹೇಗೆ ಬಂತು ಅಂತ ಆ ಕಾಗದದಲ್ಲಿ ಎಲ್ಲೂ ಇಲ್ಲ. ನಮಗೂ ಆ ಹೊತ್ತಿಗೆ ಹೊಳೆಯಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಶನಿವಾರ ರಾತ್ರಿ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ‘ಯು ಟರ್ನ್’ ಕಣ್ಣಿಗೆ ಬಿತ್ತು, ಹಾಕಿದೆ. ರಚನಾ ಫ್ಲೈಓವರ್ ಬಗ್ಗೆ ವಿವರಿಸುವಾಗ ಪಾಸ್ ಮಾಡಿದೆ. ಎದ್ದು ನೀರು ಕುಡಿದು ಬಂದೆ. ಕಲ್ಲು ತಾನಾಗಿ ನಡೆಯುವುದಿಲ್ಲ. ಯಾರೋ ಎಳೆದಿದ್ದಾರೆ.

ಮುಂದಿನ ವಾರ ಊರಿಗೆ ಹೋದೆ. ಮನೆಯಲ್ಲಿ ಯಾರಿಗೂ ಹೇಳದೆ ಆ ಜಾಗಕ್ಕೆ ಹೋಗಿ, ರಸ್ತೆ ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ಒಂದು ಗಂಟೆ. ಸಿನಿಮಾದ ಆ ಮನುಷ್ಯನ ಥರ ಗಾಡಿ ನಂಬರ್ ಬರೆದುಕೊಂಡೆ, ಚೀಟಿ ಬದಲು ಫೋನಿನ ನೋಟ್ಸ್‌ನಲ್ಲಿ. ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಎಕ್ಸೆಲ್, ಹುಲ್ಲಿನ ಹೊರೆಯ ಜೊತೆ ಒಂದು ಸ್ಪ್ಲೆಂಡರ್, ಸಮವಸ್ತ್ರದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ಒಂದು ಆಕ್ಟಿವಾ. ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರಿನ ಅಕ್ಷರಗಳ ಮಧ್ಯೆ ಮಧ್ಯೆ ನಕ್ಷತ್ರ ಚಿಹ್ನೆ.

ಟೀ ಅಂಗಡಿಯವರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು. ‘ಪೇಪರ್‌ನವರಾ?’ ಅಂದರು.

‘ಅಲ್ಲ. ನವೆಂಬರ್‌ನಲ್ಲಿ ಇಲ್ಲಿ ಬೈಕ್ ಅಪಘಾತ ಆಯ್ತಲ್ಲ, ಅವರ ಅಣ್ಣನ ಮಗ.’

ಅವರು ಸ್ಟೌ ಸಣ್ಣ ಮಾಡಿ ಬಂದು ಎದುರು ಕೂತರು. ಹೆದ್ದಾರಿ ನಾಲ್ಕು ಪಥ ಆದಾಗ ಊರು ಎರಡು ಭಾಗ ಆಯಿತಂತೆ. ಮನೆಗಳು ಈ ಕಡೆ, ಹೊಲ ಮತ್ತು ಶಾಲೆ ಆ ಕಡೆ. ತಿರುಗಿಸಿಕೊಂಡು ಬರಲು ಜಾಗ ಕೊಟ್ಟಿದ್ದು ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿ. ಊರವರು ಅರ್ಜಿ ಕೊಟ್ಟರು. ಅಧಿಕಾರಿಗಳು ಬಂದು ನೋಡಿ ಹೋದರು. ಆಮೇಲೆ ಜನ ತಾವೇ ಕಲ್ಲು ಸರಿಸಿಕೊಂಡರು. ಗುತ್ತಿಗೆದಾರರ ಕಡೆಯವರು ಬಂದು ಜೋಡಿಸುವುದು, ಇವರು ಸರಿಸುವುದು.

‘ಆ ದಿನ ಯಾರು ಸರಿಸಿದ್ದು ಅಂತ ಗೊತ್ತಾ?’ ಕೇಳಿದೆ.

‘ಯಾರು ಅಂತ ಹೇಳೋದು ಸಾರ್? ಎಲ್ಲರೂ ಸರಿಸ್ತಾರೆ.’ ಸ್ವಲ್ಪ ತಡೆದು ಅಂದರು, ‘ನಿಮ್ಮ ಚಿಕ್ಕಪ್ಪನೂ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಇಲ್ಲೇ ದಾಟ್ತಿದ್ರು. ಬೇಜಾರು ಮಾಡ್ಕೋಬೇಡಿ.’

ಟೀ ದುಡ್ಡು ತಗೊಳ್ಳಲಿಲ್ಲ ಅವರು. ಮನೆಗೆ ಬಂದು ಮೂರು ನಂಬರ್‌ಗಳನ್ನೂ ಡಿಲೀಟ್ ಮಾಡಿದೆ. ಈ ಮಾತನ್ನು ಚಿಕ್ಕಮ್ಮನಿಗೆ ಹೇಳಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ‘ಹೂಂ’ ಅಂದರು ಅಷ್ಟೇ.

‘ಯು ಟರ್ನ್’ ಮುಗಿಸಿದವರಿಗೆ ನಾನು ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಾಗಿರುತ್ತದೆ. ನೋಡದವರಿಗೆ ನಾನು ಮಾತು ಕೊಟ್ಟಿದ್ದೇನೆ, ಕೊನೆ ಹೇಳುವುದಿಲ್ಲ. ಇಷ್ಟು ಹೇಳಬಹುದು: ಕಲ್ಲು ಸರಿಸಿದವನಿಗೂ ಸತ್ತವರಿಗೂ ನಡುವಿನ ದೂರ ನಾವು ಅಂದುಕೊಂಡಷ್ಟು ಇರುವುದಿಲ್ಲ ಅನ್ನುವುದನ್ನು ಆ ಸಿನಿಮಾ ಬಹಳ ಕ್ರೂರವಾಗಿ ತೋರಿಸುತ್ತದೆ. ಥ್ರಿಲ್ಲರ್‌ಗಳಲ್ಲಿ ಕೊನೆಗೆ ಕೊಲೆಗಾರ ಸಿಕ್ಕಿದಾಗ ನಮಗೆ ಹಾಯ್ ಅನಿಸುತ್ತದಲ್ಲ, ಸದ್ಯ ನಾನಲ್ಲ ಅಂತ, ಅದು ಇಲ್ಲಿ ಸಿಗುವುದಿಲ್ಲ.

ಆದರೆ ಚಿತ್ರದ ಮೇಲೆ ನನಗೊಂದು ತಕರಾರೂ ಇದೆ. ಕಲ್ಲು ಸರಿಸಿದ ಕೈಗಳನ್ನು ಅದು ಬಿಡದೆ ಹಿಂಬಾಲಿಸುತ್ತದೆ. ಹೋದಲ್ಲೆಲ್ಲ ಹಿಂಬಾಲಿಸುತ್ತದೆ, ಪೊಲೀಸ್ ಲಾಕಪ್ಪಿನ ಒಳಗೂ. (ಆ ಲಾಕಪ್ ದೃಶ್ಯ ಚಿತ್ರದಲ್ಲೇ ಅತ್ಯಂತ ಬಿಗಿಯಾದದ್ದು.) ಆದರೆ ಕೈಯಲ್ಲಿ ಎಳೆದರೆ ಬರುವಂಥ ಕಲ್ಲನ್ನು ಅಲ್ಲಿ ಇಟ್ಟವರು ಯಾರು, ತಿರುಗಿಸಿಕೊಳ್ಳಲು ಹತ್ತಿರದಲ್ಲಿ ಜಾಗ ಯಾಕೆ ಕೊಡಲಿಲ್ಲ, ದಿನಾ ಸರಿಯುವ ಕಲ್ಲನ್ನು ಸಿಮೆಂಟ್ ಹಾಕಿ ಕೂರಿಸಲು ಯಾಕೆ ಆಗಲಿಲ್ಲ ಎನ್ನುವುದರ ಹಿಂದೆ ಹೋಗುವುದಿಲ್ಲ. ರಚನಾ ಪಟ್ಟಿಯಲ್ಲಿ ಇರುವುದೆಲ್ಲ ಗಾಡಿ ಓಡಿಸುವವರ ಹೆಸರು. ರಸ್ತೆ ಮಾಡಿದವರ ಹೆಸರು ಒಂದೂ ಇಲ್ಲ. ನಾನು ಟೀ ಅಂಗಡಿ ಮುಂದೆ ಬರೆದುಕೊಂಡ ಪಟ್ಟಿಯೂ ಹಾಗೇ ಇತ್ತು. ಹಾಲಿನವನು, ಹುಲ್ಲಿನವನು, ಮಕ್ಕಳನ್ನು ಶಾಲೆಗೆ ಬಿಡುವ ತಾಯಿ. ಕೈಗೆ ಸುಲಭವಾಗಿ ಸಿಗುವವರನ್ನೇ ಬರೆದುಕೊಂಡಿದ್ದೆ.

ಸಿನಿಮಾ ಬಂದ ಮೂರು ವರ್ಷಕ್ಕೆ, 2019ರ ತಿದ್ದುಪಡಿಯಲ್ಲಿ, ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ದೊಡ್ಡ ಮೊತ್ತವೇನಲ್ಲ. ಆದರೆ ಆರೋಪಿಯ ಜಾಗದಲ್ಲಿ ಸತ್ತವನ ಹೆಸರಲ್ಲದೆ ಇನ್ನೊಂದು ಹೆಸರೂ ಬರಬಹುದು ಅಂತ ಕಾನೂನು ಒಪ್ಪಿಕೊಂಡಿತು. ಚಿಕ್ಕಪ್ಪ ಹೋದಾಗ ಅದು ಇರಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿ, ಸೆಲ್ಫ್ ಆಕ್ಸಿಡೆಂಟ್ ಅಂತ ಕಾಗದ ಕೈಗಿಟ್ಟರೆ, ಈ ನಂಬರ್ ನೆನಪಿಟ್ಟುಕೊಂಡು ಒಬ್ಬ ವಕೀಲರನ್ನು ಕೇಳಿ. ಸ್ಥಳದ ಫೋಟೊ ಅವತ್ತೇ ತೆಗೆದಿಡಿ. ನಾವು ಹೋಗುವಷ್ಟರಲ್ಲಿ ಕಲ್ಲು ಸಾಲಿಗೆ ಸೇರಿಬಿಟ್ಟಿತ್ತು.

ಆ ಜಾಗದಲ್ಲಿ ಈಗ ಉದ್ದಕ್ಕೂ ಕಬ್ಬಿಣದ ಬೇಲಿ ಇದೆ. ಕೊನೆಯ ಸಲ ಹೋದಾಗ ಒಂದು ಕಡೆ ಎರಡು ಪಟ್ಟಿ ಕತ್ತರಿಸಿದ್ದರು, ಎಕ್ಸೆಲ್ ಒಂದು ಹಾಯುವಷ್ಟು. ತಿರುವು ಇನ್ನೂ ಎರಡೂವರೆ ಕಿಲೋಮೀಟರ್ ಆಚೆಯೇ.

ಹೋದ ಯುಗಾದಿಗೆ ಚಿಕ್ಕಮ್ಮನ ಮನೆಯಲ್ಲಿದ್ದೆ. ಊಟ ಆದ ಮೇಲೆ ಟಿವಿಯಲ್ಲಿ ಏನಾದರೂ ಕನ್ನಡ ಸಿನಿಮಾ ಹಾಕು ಅಂದರು. ಹುಡುಕುತ್ತಾ ಹೋದಾಗ ‘ಯು ಟರ್ನ್’ ಪೋಸ್ಟರ್ ಬಂತು. ಬೇಗ ಮುಂದಕ್ಕೆ ಹೋದೆ. ಅವರು ನೋಡಿಬಿಟ್ಟಿದ್ದರು.

‘ಅದೇನು ಅದು, ರಸ್ತೆದು?’

‘ಅದು ಬೇಡ ಚಿಕ್ಕಮ್ಮ. ಹೆದರಿಕೆ ಸಿನಿಮಾ.’

‘ಏನು ಕತೆ?’

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸ್ತಾರೆ, ಅದರಿಂದ ಸಾವಾಗತ್ತೆ, ಪೇಪರ್‌ನ ಹುಡುಗಿ ಒಬ್ಬಳು ಅದನ್ನ ಹುಡುಕ್ಕೊಂಡು ಹೋಗ್ತಾಳೆ ಅಂದೆ. ಅವರು ಕೈಯಲ್ಲಿದ್ದ ಅಡಿಕೆ ತಟ್ಟೆ ಕೆಳಗಿಟ್ಟರು.

‘ಕೊನೇಲಿ ಯಾರು ಸರಿಸಿದ್ದು ಅಂತ ಗೊತ್ತಾಗತ್ತಾ?’

‘ಗೊತ್ತಾಗತ್ತೆ.’

‘ಹಂಗಾದ್ರೆ ಹಾಕು’ ಅಂದರು.